ಸಾವಂತ್ರೆವ್ವನ ಮಚ್ಚೆ, ಮೇಟಿಯವರ ಟ್ರಂಕು

ನಮ್ಮೂರ ಕಾಲೇಜಿನಲ್ಲಿ ಓದಿದವರನ್ನು ಮುಖ ನೋಡಿಯೇ ಹೇಳಬಹುದು. ಅವರಲ್ಲಿ ಒಂದು ಮಚ್ಚೆ ಕಡಿಮೆ ಇರುತ್ತದೆ, ಒಂದು ಸೊಕ್ಕು ಹೆಚ್ಚಿಗೆ ಇರುತ್ತದೆ. ಅಡ್ಮಿಷನ್ನಿನ ದಿನ ಗುಮಾಸ್ತ ರಜಿಸ್ಟರಿನಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಕು ಎಲ್ಲ ಬರೆದು, ಕೊನೆಗೆ ‘ಗುರುತಿನ ಚಿಹ್ನೆ’ ಎನ್ನುವ ಕಾಲಮಿಗೆ ಬಂದು, ಎಡಗೆನ್ನೆಯ ಮೇಲೆ ಮಚ್ಚೆ ಎಂದು ಬರೆದು ಚುಕ್ಕೆ ಇಡುವುದೇ ತಡ, ಕೆನ್ನೆಯ ಮೇಲಿನ ಮಚ್ಚೆ ಎದ್ದು ಹೋಗಿ ಕಾಗದದ ಮೇಲೆ ಕೂರುತ್ತದೆ. ನೋಯುವುದಿಲ್ಲ. ಇರುವೆ ಹರಿದಂತಾಗುತ್ತದೆ, ಅಷ್ಟೆ. ಆಮೇಲೆ ಅದು ಅಲ್ಲಿಯೇ ಬದುಕುತ್ತದೆ. ಮೈ ಸತ್ತ ಮೇಲೂ ಬದುಕುತ್ತದೆ.

ಊರು ಇದಕ್ಕೆ ಎಂದೋ ಹೊಂದಿಕೊಂಡಿದೆ. ಅಡ್ಮಿಷನ್ನಿನ ಹಿಂದಿನ ದಿನ ತಾಯಂದಿರು ಮಕ್ಕಳ ಮಚ್ಚೆಗೆ ಎಣ್ಣೆ ಹಚ್ಚಿ ಅದನ್ನೇ ನೋಡುತ್ತ ಕೂರುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡಲು ಬರುತ್ತದೆಯೇ ಎಂದು ಕೇಳುವುದಿಲ್ಲ, ‘ಎಲ್ಲೀದು ಹೋಗೇತಿ?’ ಎಂದು ಕೇಳುತ್ತಾರೆ. ಅದೃಷ್ಟದ ಮಚ್ಚೆ ಇರುವ ಮನೆತನದವರು ಅದನ್ನು ತೋಳಿನೊಳಗೆ ಮುಚ್ಚಿಟ್ಟು, ಚಿಕ್ಕಂದಿನಲ್ಲಿ ಬಿದ್ದ ಗಾಯದ ಕಲೆಯನ್ನು ಗುಮಾಸ್ತನ ಮುಂದೆ ಚಾಚುತ್ತಾರೆ. ಅವರ ಪುಟಗಳು ಆ ಜಾಗದಲ್ಲಿ ಸುಕ್ಕುಗಟ್ಟಿ ನಿಂತಿವೆ. ಕಾಲೇಜಿನ ಮೆಟ್ಟಿಲು ಹತ್ತದ ಕಟ್ಟಿಗೆ ಅಡ್ಡೆಯ ಮಾಲೀಕರೊಬ್ಬರು ತಮ್ಮ ಗದ್ದದ ಮಚ್ಚೆಗೆ ಗೇರೆಣ್ಣೆ ಹಚ್ಚಿ ಸುಟ್ಟುಕೊಂಡರು. ಮಚ್ಚೆ ಹೋಯಿತು, ಹಪ್ಪಳದಷ್ಟು ಕಲೆ ಉಳಿಯಿತು. ಊರು ಅವರನ್ನು ಇವತ್ತಿಗೂ ಎಕ್ಸ್‌ಟರ್ನಲ್ ಪದವೀಧರ ಎನ್ನುತ್ತದೆ.

ನಾನು ಫಕೀರವ್ವ. ಈ ಕಾಲೇಜಿನ ದಾಖಲೆ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಹಂಗಾಮಿ. ನನಗೀಗ ಎಪ್ಪತ್ತೊಂದು, ಹಂಗಾಮು ಇನ್ನೂ ಮುಗಿದಿಲ್ಲ. ಬೇಸಿಗೆಯಲ್ಲಿ ಮಚ್ಚೆಗಳು ಒಣಗಿ ಬಿರಿಯುತ್ತವೆ. ಹತ್ತಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಒಂದೊಂದಕ್ಕೂ ಮುಟ್ಟಿಸಬೇಕು, ಕಾಗದಕ್ಕೆ ಹರಡಬಾರದು. ಕೂದಲಿರುವ ಮಚ್ಚೆಗಳಿಗೆ ಮೂರು ತಿಂಗಳಿಗೊಮ್ಮೆ ಕತ್ತರಿ ಹಿಡಿಯಬೇಕು. ಊರಿನ ವಕೀಲರು, ಡಾಕ್ಟರರು, ಇಲ್ಲಿಂದ ಹೋಗಿ ಮಂತ್ರಿಯಾದವರು, ಎಲ್ಲರ ಮಚ್ಚೆಯ ಕೂದಲು ಕತ್ತರಿಸಿದವಳು ನಾನು. ಬೀದಿಯಲ್ಲಿ ಎದುರಾದರೆ ಅವರಿಗೆ ನನ್ನ ಗುರುತು ಸಿಗುವುದಿಲ್ಲ. ನನ್ನ ಮೇಲಿರುವ ರೆಕಾರ್ಡ್ ಕೀಪರ್ ಮೌಲಾಸಾಬ ಒಳ್ಳೆಯ ಮನುಷ್ಯ, ಹೆದರುಪುಕ್ಕ. ಕುರ್ಚಿ ಸರಿದ ಸದ್ದಾದರೂ ಎದ್ದು ನಿಂತು ನಮಸ್ಕಾರ ಮಾಡುತ್ತಾನೆ.

ಈ ವರ್ಷ ನಮ್ಮ ಆಡಳಿತ ಮಂಡಳಿಗೆ ಒಂದು ಯೋಚನೆ ಬಂತು. ಇಪ್ಪತ್ತೆರಡು ವರ್ಷ ಪ್ರಿನ್ಸಿಪಾಲರಾಗಿ ನಿವೃತ್ತರಾದ ಪ್ರೊಫೆಸರ್ ಅಂದಾನಪ್ಪ ಮೇಟಿಯವರ ಖಾಸಗಿ ಕಾಗದಪತ್ರಗಳನ್ನು ಮುಂದಿನ ಪೀಳಿಗೆಗಾಗಿ ಕಾಪಾಡಬೇಕಂತೆ. ಮುಂದಿನ ಪೀಳಿಗೆಯನ್ನು ಯಾರೂ ಕೇಳಲಿಲ್ಲ. ಎರಡು ಟೆಂಪೊಗಳಲ್ಲಿ ನಲವತ್ತೊಂದು ಟ್ರಂಕುಗಳು ಬಂದು ಇಳಿದವು. ಅವನ್ನು ವಿಂಗಡಿಸಲು ಇಬ್ಬರು ಪ್ರಾಧ್ಯಾಪಕರ ಸಮಿತಿಯಾಯಿತು. ಅವರು ಮೊದಲ ಟ್ರಂಕಿನ ಮುಚ್ಚಳ ತೆಗೆದು, ಸೀನಿ, ಸಹಿ ಮಾಡಿ ಹೋದರು. ವಿಂಗಡಿಸಿದವಳು ನಾನು. ಓದಲು ಬರುವ ಆಳು ಕಾಲೇಜಿನಲ್ಲಿ ನಾನೊಬ್ಬಳೇ. ಓದಿದವರು ಬಹಳ ಮಂದಿ ಇದ್ದಾರೆ, ಅದು ಬೇರೆ ಮಾತು.

ಮೇಟಿಯವರು ಏನನ್ನೂ ಎಸೆದವರಲ್ಲ. ಅವರ ಹೆಸರಿದ್ದ ಆಮಂತ್ರಣ ಪತ್ರಿಕೆಗಳಲ್ಲಿ ಹೆಸರಿನ ಕೆಳಗೆ ಕೆಂಪು ಗೆರೆ. ಹೆಸರಿಲ್ಲದವುಗಳಲ್ಲಿ, ಅದು ಇರಬೇಕಾಗಿದ್ದ ಜಾಗದ ಕೆಳಗೆ ನೀಲಿ ಗೆರೆ. ಸನ್ಮಾನದ ಹಾರಗಳ ಹೂವು ಉದುರಿ ಉಳಿದ ದಾರಗಳು, ದಿನಾಂಕದ ಚೀಟಿಯೊಂದಿಗೆ. ಒಂದು ಕಟ್ಟಿನ ಮೇಲೆ ‘ನನ್ನ ಬಗ್ಗೆ ಇತರರು’ ಎಂದಿತ್ತು. ಬಿಚ್ಚಿ ನೋಡಿದರೆ ಒಳಗಿನದೆಲ್ಲ ಅವರದೇ ಅಕ್ಷರ. ಒಂಬತ್ತನೆಯ ಟ್ರಂಕಿನಲ್ಲಿ ಎರಡು ಹಾಳೆಗಳು ಒಂದೇ ಗುಂಡುಸೂಜಿಯಲ್ಲಿ ಸಿಕ್ಕಿಕೊಂಡಿದ್ದವು. ಒಂದು ಕಾಲೇಜಿನ ಸುವರ್ಣ ಮಹೋತ್ಸವದ ಭಾಷಣ: ದುಡಿಯುವ ಹೆಣ್ಣುಮಕ್ಕಳಿಗಾಗಿ ರಾತ್ರಿ ವರ್ಗವೆಂಬ ದೀಪವನ್ನು ಹಚ್ಚಿದ ಕೈ ಇದು. ಇನ್ನೊಂದು, ಆ ದೀಪ ಹಚ್ಚುವುದಕ್ಕೆ ಮೊದಲು ಆಡಳಿತ ಮಂಡಳಿಗೆ ಬರೆದ ಕಾಗದ: ಈ ಹೆಂಗಸರ ತಲೆಯ ಎಣ್ಣೆಯಿಂದ ಗೋಡೆಗಳಿಗೆ ಜಿಡ್ಡು ಹತ್ತುತ್ತದೆ, ಇವರಿಗೆ ಅಕ್ಷರ ಕಲಿಸುವುದಕ್ಕಿಂತ ಗೋಡೆಗಳಿಗೆ ಸುಣ್ಣ ಹೊಡೆಸುವುದು ಲೇಸು. ನಾನು ಎರಡನ್ನೂ ಹಾಗೆಯೇ ಪಟ್ಟಿಗೆ ಸೇರಿಸಿದೆ. ಸೂಜಿ ತುಕ್ಕು ಹಿಡಿದಿತ್ತು, ಹೊಸದು ಹಾಕಿದೆ.

ಟ್ರಂಕುಗಳಷ್ಟೇ ಆಗಿದ್ದರೆ ಹೇಗೋ ಹೊಂದಿಸಬಹುದಿತ್ತು. ಮೇಟಿಯವರ ಅಡ್ಮಿಷನ್ ಪುಟವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಅವರ ಗದ್ದದಿಂದ ಹೋದ ಮಚ್ಚೆಯ ಮೇಲೆ ಒಂದು ಪುಟ್ಟ ದೀಪ ಉರಿಸಬೇಕು ಎಂದೂ ಠರಾವಾಗಿತ್ತು. ಅದಕ್ಕೊಂದು ಗೋಡೆ ಬೇಕು. ಪ್ರಿನ್ಸಿಪಾಲ ರುದ್ರಗೌಡರು ಒಂದು ಶುಕ್ರವಾರ ಬಂದು ಕೋಣೆಯನ್ನೆಲ್ಲ ನೋಡಿ, ಮೂಲೆಯಲ್ಲಿದ್ದ ರಾತ್ರಿ ವರ್ಗದ ಕಪಾಟಿನ ಮೇಲೆ ಕೈ ಇಟ್ಟರು. ಅದರಲ್ಲಿ ಒಂಬತ್ತು ವರ್ಷದ ಹಾಜರಿ ಪುಸ್ತಕಗಳು, ಹೆಬ್ಬೆಟ್ಟಿನ ಅರ್ಜಿಗಳು, ಉತ್ತರ ಪತ್ರಿಕೆಗಳು, ಮುನ್ನೂರ ಹನ್ನೆರಡು ಮಂದಿಯ ಅಡ್ಮಿಷನ್ ರಜಿಸ್ಟರು ಇದ್ದವು.

“ಇದು ಮೂವತ್ತು ವರ್ಷ ದಾಟಿದ್ದು. ರೂಲ್ ಪ್ರಕಾರ ವಿಲೇವಾರಿ,” ಎಂದರು. “ಸೋಮವಾರ ಹನ್ನೊಂದಕ್ಕ ಲಾರಿ ಬರ್ತೈತಿ. ಪೇಪರ್ ಮಿಲ್ಲಿಗೆ ಹಾಕಿಬಿಡ್ರಿ.”

ದಿನದ ಕಾಲೇಜಿನ ರಜಿಸ್ಟರುಗಳು ಎಪ್ಪತ್ತು ವರ್ಷ ದಾಟಿವೆಯಲ್ಲ ಎಂದು ಕೇಳಿದೆ. ಅವು ಶಾಶ್ವತ ದಾಖಲೆ, ಇದು ತಾತ್ಕಾಲಿಕ ವಿಭಾಗದ್ದು ಎಂದರು. ಇದರಲ್ಲಿರುವ ಮಚ್ಚೆಗಳಿಗೆ ಅದು ಗೊತ್ತಿಲ್ಲ ಸರ್, ಅವು ಶಾಶ್ವತವೆಂದೇ ತಿಳಿದು ಕೂತಿವೆ ಎಂದೆ. ಗೌಡರು ನಕ್ಕರು. ತಮಗೆ ತಿಳಿಯದ ಮಾತಿಗೆ ಅವರು ನಗುತ್ತಾರೆ.

ಪುಟ ಹಾಳಾದರೆ ಏನಾಗುತ್ತದೆಂದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಹಿಂದೊಮ್ಮೆ ಒಂದು ರಜಿಸ್ಟರಿಗೆ ಗೆದ್ದಲು ಹತ್ತಿ ಅರ್ಧ ಪುಡಿಯಾಯಿತು. ಬದುಕಿದ್ದವರ ಮಚ್ಚೆಗಳು ಅವರವರ ಮೈಗೆ ತಿರುಗಿ ಹೋದವು; ಜಡ್ಜೊಬ್ಬರ ತುಟಿಯ ಮೇಲಿನ ಮಚ್ಚೆ, ಕೂದಲ ಸಮೇತ, ಅವರು ತೀರ್ಪು ಓದುತ್ತಿರುವಾಗ ಬಂದು ಕೂತಿತಂತೆ. ಉಳಿದ ಅರ್ಧವನ್ನು ಜವಾನ ಬಸಣ್ಣ ಹಿತ್ತಲಲ್ಲಿ ಸುಟ್ಟ. ಸತ್ತವರ ಮಚ್ಚೆಗಳಿಗೆ ಹೋಗಲು ಮೈ ಇರಲಿಲ್ಲ, ಅವು ಸುಟ್ಟವನನ್ನೇ ಹಿಡಿದವು. ಬಸಣ್ಣನ ಎರಡು ಕೈಗಳೂ ಉದ್ದಿನಕಾಳು ಚೆಲ್ಲಿದ ಹಾಗಾದವು. ಸಾಯುವವರೆಗೂ ಆತ ತುಂಬುತೋಳಿನ ಅಂಗಿ ಬಿಚ್ಚಲಿಲ್ಲ, ಯಾರೂ ಅವನ ಕೈಯಿಂದ ಚಹಾ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಕಾಲೇಜಿನಲ್ಲಿ ಒಂದು ಹಾಳೆಯನ್ನೂ ಯಾರೂ ಹರಿದಿಲ್ಲ. ಮಿಲ್ಲಿನವರ ಗತಿ ಏನು ಎಂದು ಮೌಲಾಸಾಬ ಮೆಲ್ಲಗೆ ಕೇಳಿದ. ಗೌಡರು, ಮಿಲ್ಲು ಪರ ಊರಿನದು, ಅವರಿಗೆ ಇದೆಲ್ಲ ಗೊತ್ತಿಲ್ಲ, ಗೊತ್ತಿಲ್ಲದವರಿಗೆ ತೊಂದರೆಯೂ ಇಲ್ಲ ಎಂದರು. ತತ್ತ್ವಶಾಸ್ತ್ರದಲ್ಲಿ ಅವರಿಗೆ ಚಿನ್ನದ ಪದಕ ಬಂದಿದೆ.

ಆ ಕಪಾಟಿನಲ್ಲಿ ನನ್ನ ಪುಟವೂ ಇತ್ತು, ಸಾವಂತ್ರೆವ್ವನ ಪುಟವೂ ಇತ್ತು. ಆಗ ನಾವಿಬ್ಬರೂ ಹತ್ತಿಯ ಜಿನ್ನಿನಲ್ಲಿ ಅರಳೆ ಆರಿಸುವವರು. ನನಗೆ ಮೂವತ್ತೆಂಟು, ಅವಳಿಗೆ ಇಪ್ಪತ್ತೇಳು. ಸಂಜೆ ಜಿನ್ನು ಬಿಟ್ಟ ಮೇಲೆ ತಲೆಯಲ್ಲಿ ಹತ್ತಿಯ ಎಳೆ ಹಾಗೆಯೇ ಇಟ್ಟುಕೊಂಡು ವರ್ಗಕ್ಕೆ ಹೋಗುತ್ತಿದ್ದೆವು. ಅಡ್ಮಿಷನ್ ಬರೆಯುತ್ತಿದ್ದ ಗುಮಾಸ್ತ ವೆಂಕೋಬರಾಯರು ಮಹಾ ಮರ್ಯಾದಸ್ಥರು. ಹೆಂಗಸರ ಕಡೆ ಕಣ್ಣೆತ್ತಿ ನೋಡುವವರಲ್ಲ. ‘ಮಚ್ಚೆ ಎಲ್ಲಿದೆ’ ಎಂದು ಹೆಣ್ಣುಮಕ್ಕಳನ್ನು ಕೇಳುವುದು ಹೇಗೆಂದು, ನಮಗೆಲ್ಲರಿಗೂ ಸಾರಾಸಗಟು ‘ಬಲ ಮುಂಗೈ ಮೇಲೆ ಮಚ್ಚೆ’ ಎಂದು ಬರೆದುಬಿಟ್ಟರು. ಅವರು ಬರೆದದ್ದು ಮುಂಗೈ, ಎದ್ದು ಬಂದದ್ದು ಮನಸ್ಸಿಗೆ ಬಂದ ಮಚ್ಚೆ. ನನ್ನದು ಮೂಗಿನ ತುದಿಯದು ಬಂತು, ಕಡಲೆಯಷ್ಟು ದಪ್ಪ. ಹುಟ್ಟಿದಾಗಿನಿಂದ ಊರು ನನ್ನನ್ನು ಕಡಲಿಮೂಗಿ ಎಂದೇ ಕರೆದಿತ್ತು. ಸಾವಂತ್ರೆವ್ವ ಮಾತ್ರ ಕುಪ್ಪಸದ ಕೊರಳಿನ ಮೇಲೆ ಕೈ ಒತ್ತಿಕೊಂಡು ನಿಂತುಬಿಟ್ಟಳು. “ಯಕ್ಕಾ, ನನ್ನ ಕೂಸಿಂದು ಹೋತು,” ಎಂದಳು.

ಅವಳ ಕೊರಳೆಲುಬಿನ ಕೆಳಗೆ ಎಳ್ಳುಂಡೆಯ ಎಳ್ಳಿನಷ್ಟು, ಸ್ವಲ್ಪ ಉಬ್ಬಿದ ಒಂದು ಮಚ್ಚೆ ಇತ್ತು. ಎರಡು ವರ್ಷದ ಮಗಳು ಹುಲಿಗೆವ್ವ ಹಾಲು ಕುಡಿಯುವಾಗಲೂ ನಿದ್ದೆ ಮಾಡುವಾಗಲೂ ಅದನ್ನೇ ಬೆರಳಲ್ಲಿ ಹಿಡಿದಿರುತ್ತಿದ್ದಳು. ಆ ದಿನದಿಂದ ಕೂಸು ಹಾಲು ಬಿಟ್ಟಿತು, ನಿದ್ದೆ ಬಿಟ್ಟಿತು, ತಾಯಿಯ ಎದೆಯನ್ನೆಲ್ಲ ತಡವಿ ತಡವಿ ಅತ್ತಿತು. ನಾಲ್ಕನೆಯ ದಿನ ಸಾವಂತ್ರೆವ್ವ ಅದನ್ನು ಕಂಕುಳಲ್ಲಿ ಎತ್ತಿಕೊಂಡೇ ಆಫೀಸಿಗೆ ಬಂದಳು. ಅಳುವಿನ ಆರ್ಭಟಕ್ಕೆ ವೆಂಕೋಬರಾಯರ ಲೆಕ್ಕಣಿಕೆ ನಡುಗಿತು. ಅವರು ತಲೆಯೆತ್ತದೆ ರಜಿಸ್ಟರು ತೆರೆದು ಆ ಪುಟವನ್ನು ಕೂಸಿನ ಕಡೆ ತಿರುಗಿಸಿದರು. ಕೂಸು ಕಾಗದದ ಮೇಲೆ ಬೆರಳಿಟ್ಟಿತು, ಬಿಕ್ಕಿತು, ಅಲ್ಲಿಯೇ ತಲೆಯಿಟ್ಟು ಮಲಗಿತು. ಆಮೇಲೆ ವರ್ಗ ನಡೆದಷ್ಟು ದಿನ ಅದು ರಜಿಸ್ಟರಿನ ಮೇಲೆಯೇ ಮಲಗುತ್ತಿತ್ತು. ರಾಯರು ಅದರ ಸುತ್ತ ಉಳಿದ ಜಾಗದಲ್ಲಿ ಬರೆಯುತ್ತಿದ್ದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಸಾವಂತ್ರೆವ್ವ ಜ್ವರದಲ್ಲಿ ಹೋದಳು. ಒಂದು ಫೋಟೊ ಇಲ್ಲ. ಅವಳ ಮುಖ ಮಗಳಿಗೆ ಸರಿಯಾಗಿ ನೆನಪಿಲ್ಲ, ಬೆರಳಿಗೆ ಮಚ್ಚೆ ನೆನಪಿದೆ.

ಹುಲಿಗೆವ್ವನಿಗೆ ಈಗ ಮೂವತ್ತೈದು. ಬಸ್‌ಸ್ಟ್ಯಾಂಡಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ಅಮಾವಾಸ್ಯೆಗೆ ಖಾನಾವಳಿ ಮುಚ್ಚಿರುತ್ತದೆ, ಆ ದಿನ ಮಧ್ಯಾಹ್ನ ಬರುತ್ತಾಳೆ. ಬಲಗೈ ಬೆರಳು ಹೆಂಚಿನ ಕಾವಿಗೆ ಜಡ್ಡುಗಟ್ಟಿವೆ ಎಂದು ಎಡಗೈ ತೋರುಬೆರಳಿಂದ ಮುಟ್ಟುತ್ತಾಳೆ. ಮುಟ್ಟಿಕೊಂಡೇ ಮನೆಯ ಸುದ್ದಿ ಹೇಳುತ್ತಾಳೆ: ಗಂಡ ಬೀಡಿ ಬಿಟ್ಟ, ಮಗಳು ಮಗ್ಗಿ ಒಪ್ಪಿಸಿದಳು, ಜೋಳ ಈ ಸಲ ಹಿಟ್ಟು ಹಿಡಿಯುತ್ತಿಲ್ಲ. ನಾನೂ ಮೌಲಾಸಾಬನೂ ಆಗ ಬಾಗಿಲ ಹೊರಗೆ ಕೂರುತ್ತೇವೆ. ಕಾಲೇಜಿನ ನಿಯಮದಲ್ಲಿ ಇದಕ್ಕೆ ಅವಕಾಶವಿಲ್ಲ. ನಿಯಮ ಬರೆದವರಿಗೆ ತಾಯಿ ಇದ್ದಿರಲಿಕ್ಕಿಲ್ಲ.

ಗೌಡರು ಬಂದುಹೋದ ಮರುದಿನ ಶನಿವಾರ ಅಮಾವಾಸ್ಯೆ. ಹುಲಿಗೆವ್ವ ಬಂದಳು. ಮುಚ್ಚಿಟ್ಟು ಪ್ರಯೋಜನವಿರಲಿಲ್ಲ, ಹೇಳಿದೆ. ಅವಳು ಅಳಲಿಲ್ಲ. ರಜಿಸ್ಟರು ತೆಗೆಸಿ, ಪುಟ ಬಿಡಿಸಿ, ಅದರ ಮೇಲಿನ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದಳು.

“ನಾನ ಹರೀತೀನಿ, ದೊಡ್ಡವ್ವಾ. ಎಲ್ಲಿಯವನೋ ಗಿರಣಿಯವನ ಮೈಮ್ಯಾಲೆ ನಮ್ಮವ್ವ ಯಾಕ ಹೋಗಬೇಕು? ನನ್ನ ಮ್ಯಾಲೆ ಬರ್ಲಿ.”

ಮೌಲಾಸಾಬ ಎದ್ದು ನಿಂತು ಅವಳಿಗೂ ನಮಸ್ಕಾರ ಮಾಡಿದ. ತನ್ನ ಸರ್ವೀಸು ಇನ್ನೆರಡು ವರ್ಷ ಇದೆ ತಾಯಿ ಎಂದ. ಅವಳ ಕೈ ಮೂಲೆಯನ್ನು ಹಿಡಿದೇ ಇತ್ತು, ಮುಂದೆ ಹೋಗಲಿಲ್ಲ.

“ನನ್ನ ಮ್ಯಾಲೆ ಬಂದ್ರ, ನಾ ಸತ್ತಾಗ ಅದನ್ನೂ ಮಣ್ಣಾಗ ಇಡ್ತಾರ,” ಎಂದಳು. “ಅಕಿಗೆ ಎರಡು ಸಲ ಮಣ್ಣು ಕೊಟ್ಟಂಗಾತು. ಇಲ್ಲಿದ್ರ ನನ್ನ ಮಗಳಾದ್ರೂ ಬಂದು ಮುಟ್ಟತಿದ್ಲು.”

ಮೂಲೆ ಬಿಟ್ಟಳು. ಅದು ಸ್ವಲ್ಪ ಮಡಚಿತ್ತು, ಉಗುರಿನಿಂದ ತೀಡಿ ಸರಿ ಮಾಡಿದಳು. ಸೋಮವಾರದವರೆಗೆ ನೋಡೋಣ, ನೀನು ಹೋಗು ಎಂದೆ. ನೋಡೋಣ ಅಂದರೆ ಏನು ಎಂದು ಕೇಳಿದಳು. ಮೂವತ್ತೊಂದು ವರ್ಷ ನೋಡಿದ್ದೇನೆ, ಇನ್ನೆರಡು ದಿನ ನೋಡುತ್ತೇನೆ ಎಂದೆ. ನನಗೇ ಆಗ ಗೊತ್ತಿರಲಿಲ್ಲ. ಆದರೆ ಮೇಟಿಯವರ ಕಾಗದಗಳನ್ನು ಪೂರ್ತಿ ಓದಿದವಳು ನಾನೊಬ್ಬಳೇ, ಅವುಗಳಲ್ಲಿ ಎಲ್ಲೋ ಏನೋ ಕಂಡಿತ್ತು ಎನ್ನುವ ತುರಿಕೆ ಮಾತ್ರ ಇತ್ತು.

ಇಪ್ಪತ್ತಾರನೆಯ ಟ್ರಂಕು, ‘ಆಡಳಿತ’. ಹತ್ತೊಂಬತ್ತು ವರ್ಷದ ಹಿಂದೆ ಕಾಲೇಜಿನ ಹಿತ್ತಾಳೆ ಗಂಟೆ ಕಳುವಾಗಿತ್ತು. ಆಗ ಮೇಟಿಯವರು ಹೊರಡಿಸಿದ ಸುತ್ತೋಲೆ ಸಿಕ್ಕಿತು. ‘ವಿಚಾರಣೆಗೆ ಒಳಪಟ್ಟ ಯಾವುದೇ ದಾಖಲೆಯನ್ನು, ಅದೆಷ್ಟೇ ಹಳೆಯದಿರಲಿ, ವಿಚಾರಣೆ ಮುಗಿಯುವವರೆಗೆ ವಿಲೇವಾರಿ ಮಾಡತಕ್ಕದ್ದಲ್ಲ. ಇದ್ದ ಜಾಗದಿಂದ ಕದಲಿಸತಕ್ಕದ್ದಲ್ಲ. ತಿಂಗಳಿಗೊಮ್ಮೆ ತೆರೆದು ಸುಸ್ಥಿತಿ ನೋಡತಕ್ಕದ್ದು.’ ಕೆಳಗೆ ನಾಗರಹಾವಿನಂಥ ಸಹಿ. ಗಂಟೆಯ ವಿಚಾರಣೆ ಇನ್ನೂ ನಡೆದಿದೆ. ಸಮಿತಿಯ ಮೂವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಅವರ ಮಚ್ಚೆಗಳಿಗೆ ಎಣ್ಣೆ ಹಚ್ಚುವವಳು ನಾನೇ. ನಮ್ಮ ಕಾಲೇಜಿನಲ್ಲಿ ಶುರುವಾದ ವಿಚಾರಣೆ ಮುಗಿದದ್ದನ್ನು ನಾನು ಕಂಡಿಲ್ಲ.

ಅಂದರೆ ಆ ರಜಿಸ್ಟರಿಗೆ ಒಂದು ಅಪರಾಧ ಬೇಕಿತ್ತು. ಅಪರಾಧವೆಂದರೆ ಅದರಲ್ಲಿ ಯಾರದಾದರೂ ಪುಟ ಹರಿಯುವುದು. ಇನ್ನೊಬ್ಬರ ಪುಟ ಹರಿಯಲು ನನಗೆ ಅಧಿಕಾರವಿಲ್ಲ, ನನ್ನದಕ್ಕೆ ಇದೆ. ಇಷ್ಟು ಹೊಳೆದದ್ದು ಶನಿವಾರ ಸಂಜೆ. ಆದರೂ ಭಾನುವಾರ ಪೂರ್ತಿ ಹಿಂದೆ ಮುಂದೆ ನೋಡಿದೆ, ಸುಳ್ಳು ಹೇಳುವುದಿಲ್ಲ. ಪುಟ ಹೋದರೆ ಅಡ್ಮಿಷನ್ ಹೋಯಿತು, ಅಡ್ಮಿಷನ್ ಹೋದರೆ ಏಳನೆಯ ಇಯತ್ತೆಯ ಪ್ರಮಾಣಪತ್ರ ಹೋಯಿತು. ಇಡೀ ಊರಿನ ಓದಿದವರನ್ನು ಇಷ್ಟು ಹೊತ್ತು ಆಡಿಕೊಂಡೆನಲ್ಲ, ನಾನೇನು ಕಡಿಮೆ? ಮೂಗಿನ ಮಚ್ಚೆ ಹೋದ ವಾರವೇ ತಮ್ಮನ ಮನೆಗೆ ಹೋಗಿ, ಕೆಳಗೆ ಕೂರದೆ ಕುರ್ಚಿ ಎಳೆದುಕೊಂಡು ಕೂತವಳು ನಾನು. ನಾದಿನಿ ಚಹಾ ತಂದರೆ ಬಸಿಗೆ ಸುರಿಯುವುದು ಬೇಡ, ಕಪ್ಪಿನಲ್ಲೇ ಕುಡಿಯುತ್ತೇನೆ ಎಂದವಳು. ಜಿನ್ನಿನ ಹೆಂಗಸರು ಬೀದಿಯಲ್ಲಿ ಕಂಡರೆ ಮೂಗು ಸ್ವಲ್ಪ ಮೇಲಕ್ಕೆ ಎತ್ತುತ್ತಿದ್ದೆ, ಖಾಲಿ ಮೂಗು ಚೆನ್ನಾಗಿ ಕಾಣಲಿ ಎಂದು. 

ಸೋಮವಾರ ಹನ್ನೊಂದಕ್ಕೆ ಲಾರಿ ಬಂತು. ಇಬ್ಬರು ಹಮಾಲರು ಹೆಗಲ ಮೇಲೆ ಹಗ್ಗ ಹಾಕಿಕೊಂಡು ಬಾಗಿಲಲ್ಲಿ ನಿಂತರು. ಗೌಡರು ಬಂದರು, ಸೀನಿ ಹೋಗಿದ್ದ ಪ್ರಾಧ್ಯಾಪಕರಿಬ್ಬರೂ ಬಂದರು. ತಮ್ಮ ಗೋಡೆಯನ್ನು ಅಳೆಯಲು ಸ್ವತಃ ಮೇಟಿಯವರೇ ಶಾಲು ಹೊದ್ದು, ಕೈಯಲ್ಲಿ ಟೇಪು ಹಿಡಿದು ಬಂದರು. ಎಂಬತ್ತು ದಾಟಿದೆ, ಗದ್ದ ಇನ್ನೂ ನುಣ್ಣಗಿದೆ. ನಾನು ಕಪಾಟಿನಿಂದ ರಜಿಸ್ಟರು ತೆಗೆದು, ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲಿಟ್ಟು, ನನ್ನ ಪುಟ ಬಿಡಿಸಿ, ಬುಡದಿಂದ ಮೇಲಕ್ಕೆ ಹರಿದೆ. ಹಳೆಯ ಕಾಗದ, ಹಪ್ಪಳದ ಹಾಗೆ ಸದ್ದು ಮಾಡಿತು. ಆ ಪುಟವನ್ನು ಮತ್ತೆ ನಾಲ್ಕು ತುಂಡು ಮಾಡಿದೆ. ಇರುವೆ ಹರಿದಂತಾಯಿತು. ಮೂಗಿನ ತುದಿ ಭಾರವಾಯಿತು. ಎರಡೂ ಕಣ್ಣಿಗೆ ಅದು ಮಬ್ಬಾಗಿ ಕಾಣುತ್ತಿತ್ತು, ಚಿಕ್ಕಂದಿನಲ್ಲಿ ಕಾಣುತ್ತಿದ್ದ ಹಾಗೆ.

ಮೇಟಿಯವರು ಪಕ್ಕದವರನ್ನು, “ಈಕಿ ಯಾರು?” ಎಂದು ಕೇಳಿದರು. ಅವರ ಕೈಕೆಳಗೆ ನಾನು ಹದಿನಾಲ್ಕು ವರ್ಷ ಇದ್ದೆ.

ಗೌಡರ ಕಣ್ಣು ಇಷ್ಟಗಲ ಆದವು. “ಏನ್ ಮಾಡಿದ್ರಿ ಫಕೀರವ್ವ? ಇದು ಕಾಲೇಜಿನ ದಾಖಲೆ.”

“ಈಗಿನ್ನ ರದ್ದಿ ಆಗಿತ್ತಲ್ರೀ ಸರ,” ಎಂದೆ.

ಒಬ್ಬ ಹಮಾಲ ನಕ್ಕ. ಅದು ಗೌಡರಿಗೆ ಹತ್ತಿತು. ಹಂಗಾಮಿ ನೌಕರಳು, ಅಧಿಕಾರಿಗಳ ಎದುರಿಗೆ, ಉದ್ದೇಶಪೂರ್ವಕವಾಗಿ ದಾಖಲೆ ಹರಿದಿದ್ದಾಳೆ, ಇದನ್ನು ಬಿಡುವುದಿಲ್ಲ, ಇಲ್ಲಿಯೇ ಈಗಲೇ ವಿಚಾರಣೆಗೆ ಆದೇಶ ಮಾಡುತ್ತೇನೆ ಎಂದು ಕೂಗಿ, ಮೌಲಾಸಾಬನಿಂದ ಹಾಳೆ ಕಸಿದು ಆದೇಶ ಬರೆದು ಸಹಿಯನ್ನೂ ಒತ್ತಿಬಿಟ್ಟರು. ಆಮೇಲೆ ಹಮಾಲರಿಗೆ, ಎತ್ತಿರಿ ಎಂದರು. ನಾನು ಸುತ್ತೋಲೆಯನ್ನು ಮೌಲಾಸಾಬನ ಕೈಗೆ ಕೊಟ್ಟೆ. ಅವನು ಅದನ್ನು ಬೆಂಕಿ ಹಿಡಿದವನ ಹಾಗೆ ಹಿಡಿದು ಗೌಡರಿಗೆ ದಾಟಿಸಿದ. ಗೌಡರು ಅರ್ಧ ಓದಿ, ಇದು ಹಳೆಯ ಕಾಲದ್ದು, ಈಗ ಇದಕ್ಕೆ ಬೆಲೆಯಿಲ್ಲ ಎಂದು ಮಡಚಿ ಜೇಬಿನ ಕಡೆ ಒಯ್ದರು.

ಅಲ್ಲಿ ಅವರು ತಪ್ಪಿದರು. ಮೇಟಿಯವರು ಯಾವುದದು ಎಂದು ಕೈ ಚಾಚಿದರು. ಕನ್ನಡಕ ಹಾಕಿಕೊಂಡರು. ಮೊದಲು ಸಹಿ ನೋಡಿದರು, ಆಮೇಲೆ ಮೇಲಿನಿಂದ ಓದತೊಡಗಿದರು, ಗಟ್ಟಿಯಾಗಿ, ಪ್ರತಿಯೊಂದು ‘ತಕ್ಕದ್ದಲ್ಲ’ಕ್ಕೂ ಗದ್ದ ಎತ್ತಿ. ಎರಡನೆಯ ಸಲವೂ ಓದಿದರು. ಹಮಾಲರು ಹಗ್ಗ ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತರು.

“ಭಾಷಾ ನೋಡ್ರಿ ಎಷ್ಟು ಬಿಗಿ ಐತಿ,” ಎಂದರು ಮೇಟಿಯವರು. “ಈಗಿನವರಿಗೆ ಇಂಥಾ ಒಂದು ಸಾಲು ಬರಿಯಾಕ ಬರೂದಿಲ್ಲ. ರುದ್ರಗೌಡ, ಬೆಲಿ ಇಲ್ಲ ಅಂದ್ಯಾ?”

ಗೌಡರು ಏನೋ ಹೇಳಲು ಹೋದರು. ಸರ್, ಇದರಿಂದ ನಿಮ್ಮ ಗೋಡೆಗೇ ಜಾಗವಿಲ್ಲದಂತೆ ಆಗುತ್ತದೆ ಎಂದರು. ಮೇಟಿಯವರಿಗೆ ಗೋಡೆ ಮರೆತೇಹೋಗಿತ್ತು. ತಾನು ಬರೆದ ಸುತ್ತೋಲೆಯನ್ನು ತನ್ನ ಶಿಷ್ಯನೇ ಜೇಬಿಗೆ ಹಾಕಲು ಹೊರಟನೆಂಬುದು ದೊಡ್ಡ ಸಂಗತಿಯಾಗಿತ್ತು. ಇದ್ದ ಜಾಗದಿಂದ ಕದಲಿಸತಕ್ಕದ್ದಲ್ಲ ಎಂದು ಮೂರನೆಯ ಸಲ ಓದಿ, ಕಪಾಟನ್ನು ಟೇಪಿನಿಂದ ಎರಡು ಸಲ ಬಡಿದು, ಶಾಲು ಸರಿಮಾಡಿಕೊಂಡು ಹೊರಟರು. ಲಾರಿ ಖಾಲಿ ಹೋಯಿತು.

ವಿಚಾರಣಾ ಸಮಿತಿ ಮುಂದಿನ ವಾರ ಕೂತಿತು. ಮೂವರು ಪ್ರಾಧ್ಯಾಪಕರು, ಒಬ್ಬ ಗುಮಾಸ್ತ. ನನ್ನ ಹೇಳಿಕೆ ಬರೆದುಕೊಳ್ಳಲು ಅಚ್ಚಾದ ಒಂದು ಫಾರ್ಮು. ಹೆಸರು ಬರೆದರು. ವಯಸ್ಸು ಬರೆದರು. ಓದು ಎಷ್ಟು ಎಂದು ಕೇಳಿ, ಪುಟವೇ ಇಲ್ಲದ್ದರಿಂದ ‘ಇಲ್ಲ’ ಎಂದು ಬರೆದರು. ನನಗೆ ಆ ಎರಡಕ್ಷರ ಚುರುಕ್ಕೆಂದಿತು, ಆದರೆ ಗುಮಾಸ್ತ ‘ಇಲ್ಲ’ವನ್ನು ಒಂದೇ ‘ಲ’ದಲ್ಲಿ ಬರೆದಿದ್ದ, ಅದನ್ನು ತಿದ್ದಿಸಿದೆ. ಆಮೇಲೆ ಅವನು ಗುರುತಿನ ಚಿಹ್ನೆಯ ಕಾಲಮಿಗೆ ಬಂದ. ನನ್ನ ಮೂಗು ನೋಡಿದ. ‘ಮೂಗಿನ ತು’ ಎಂದು ಬರೆದವನು ಪೆನ್ನು ಎತ್ತಿ ಅಧ್ಯಕ್ಷರ ಮುಖ ನೋಡಿದ.

ಅಧ್ಯಕ್ಷರಿಗೂ ಆಗಲೇ ಹೊಳೆದದ್ದು. ನಾನು ಪುಟ ಹರಿದೆನೆನ್ನುವುದಕ್ಕೆ ಇರುವ ಸಾಕ್ಷಿ ನನ್ನ ಮೂಗಿನ ಮೇಲಿರುವ ಮಚ್ಚೆ. ಅದನ್ನು ಫಾರ್ಮಿನಲ್ಲಿ ಬರೆದರೆ ಅದು ಫಾರ್ಮಿಗೆ ಹೋಗುತ್ತದೆ, ಸಾಕ್ಷಿ ಅಳಿದಂತಾಗುತ್ತದೆ. ಬರೆಯದಿದ್ದರೆ ಹೇಳಿಕೆ ಪೂರ್ತಿಯಾಗುವುದಿಲ್ಲ. ಬೇರೆ ಮಚ್ಚೆ ಇದೆಯೇ ಎಂದು ಒಬ್ಬರು ಕೇಳಿದರು. ಇದೆ ಸರ್, ಆದರೆ ಅದು ತೋರಿಸುವ ಜಾಗದಲ್ಲಿಲ್ಲ ಎಂದೆ. ಮೂವರೂ ಕಿಟಕಿಯ ಹೊರಗೆ ನೋಡಿದರು. ಒಬ್ಬರು ಸಾಕ್ಷ್ಯದ ಕಾನೂನು ನೋಡಬೇಕು ಎಂದರು, ಒಬ್ಬರು ವಿಶ್ವವಿದ್ಯಾಲಯವನ್ನು ಕೇಳಬೇಕು ಎಂದರು, ಒಬ್ಬರು ಚಹಾ ತರಿಸಿದರು. ಗಂಟೆಯ ವಿಚಾರಣೆ ಮುಗಿದ ಮೇಲೆ ಇದನ್ನು ಎತ್ತಿಕೊಳ್ಳುವುದೆಂದು ಠರಾವಾಯಿತು.

ನನ್ನನ್ನು ಪಟ್ಟಿ ಬರೆಯುವ ಕೆಲಸದಿಂದ ತೆಗೆದು ಕಸಬರಿಗೆಗೆ ಹಾಕಿದ್ದಾರೆ. ಕೋಣೆ ಅದೇ, ಎಣ್ಣೆಯೂ ಅದೇ. ಬೇರೆ ಯಾರಿಗೂ ಮಚ್ಚೆಗೆ ಕತ್ತರಿ ಹಿಡಿಯಲು ಬರುವುದಿಲ್ಲ. ಮೇಟಿಯವರ ಟ್ರಂಕುಗಳು ಸೈಕಲ್ ಸ್ಟ್ಯಾಂಡಿನಲ್ಲಿ ತಾಡಪಾಲಿನ ಕೆಳಗಿವೆ. ಬಿಡುವಿನ ವೇಳೆಯಲ್ಲಿ ಮಕ್ಕಳು ಅವುಗಳ ಮೇಲೆ ಕೂತು ಶೇಂಗಾ ತಿನ್ನುತ್ತಾರೆ, ಮುಂದಿನ ಪೀಳಿಗೆಗೆ ಅಷ್ಟಾದರೂ ಉಪಯೋಗವಾಯಿತು.

ಮುಂದಿನ ಅಮಾವಾಸ್ಯೆಗೆ ಹುಲಿಗೆವ್ವ ಬಂದಾಗ ಮೌಲಾಸಾಬ ಹೆದರದೆ ಕಪಾಟು ತೆರೆದ. ತಿಂಗಳಿಗೊಮ್ಮೆ ತೆರೆದು ನೋಡತಕ್ಕದ್ದು ಎಂದು ಬರೆದೇ ಇದೆಯಲ್ಲ. ಅವಳು ನನ್ನ ಮೂಗಿನ ಮಚ್ಚೆ ನೋಡಿದಳು.

“ದೊಡ್ಡವ್ವಾ, ಈಗ ನೀ ಓದಿದಾಕಿ ಅಂತ ಯಾರೂ ಅನ್ನಂಗಿಲ್ಲ.”

“ಓದಿದವರನ್ನೆಲ್ಲ ಓದಿ ಮುಗಿಸೇನಿ ಮಗಳ,” ಎಂದೆ. “ಕೈ ತೊಳಕೊಂಡಿ ಇಲ್ಲ?”

ಅವಳು ಎಡಗೈ ಬೆರಳನ್ನು ಸೆರಗಿಗೆ ಒರೆಸಿಕೊಂಡು ಪುಟದ ಮೇಲಿಟ್ಟಳು. ಮಗಳಿಗೆ ಜ್ವರ ಬಂದು ಬಿಟ್ಟದ್ದನ್ನು ಹೇಳಿದಳು, ಜೋಳದ ಮಾತು ಹೇಳಿದಳು, ಹೇಳುತ್ತ ಹೇಳುತ್ತ ಮೇಜಿನ ಮೇಲೆ ತಲೆಯಿಟ್ಟಳು. ನಾನು ಹೊರಗೆ ಕಸ ಹೊಡೆದು ಬರುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು, ರಜಿಸ್ಟರಿನ ಮೇಲೆ ಕೆನ್ನೆ, ಕೆನ್ನೆಯ ಹತ್ತಿರ ಬೆರಳು. ಅಷ್ಟರಲ್ಲಿ ಪ್ರಿನ್ಸಿಪಾಲ ರುದ್ರಗೌಡರು ಕಾರಿಡಾರಿನಲ್ಲಿ ಹೋಗುತ್ತಿದ್ದವರು ಬಾಗಿಲಲ್ಲಿ ನಿಂತು, ಈಕೆ ಯಾರು, ಇಲ್ಲೇನು ನಡೆದಿದೆ ಎಂದು ಕೇಳಿದರು. ಮೌಲಾಸಾಬ ಎದ್ದು ನಿಂತ. ಈ ಸಲ ನಮಸ್ಕಾರ ಮಾಡಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, “ವಿಚಾರಣೆ ನಡದೈತ್ರೀ ಸರ,” ಎಂದ.